ಉಗುಳು ಡಬ್ಬ ಮತ್ತು ಸಿದ್ದಕ್ಕನ ಬರೀ ಟೀ

ಹುಣಸೂರಿನ ಒಂದು ಟೀಪುಡಿ ಕಾರ್ಖಾನೆಯಲ್ಲಿ ಟೀ ರುಚಿ ನೋಡುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮದುವೆ ಮನೆಯಲ್ಲಿ ಯಾರಾದರೂ ಕೇಳಿದಾಗ ಹೀಗೆ ಹೇಳಿದರೆ ಮೊದಲು ನಗುತ್ತಾರೆ. ಆಮೇಲೆ, "ದಿನವೆಲ್ಲಾ ಟೀ ಕುಡಿಯೋದಕ್ಕೆ ಸಂಬಳಾನೂ ಕೊಡ್ತಿದ್ರಾ?" ಎನ್ನುತ್ತಾರೆ. ಸಂಬಳ ಕೊಡುತ್ತಿದ್ದುದು ನಿಜ, ಆದರೆ ಕುಡಿಯುವುದಕ್ಕಲ್ಲ, ಉಗಿಯುವುದಕ್ಕೆ. ಚಮಚದಲ್ಲಿ ತೆಗೆದು, ಸೊರ್ರೆಂದು ಸದ್ದು ಮಾಡಿ ಹೀರಿ, ಬಾಯಲ್ಲಿ ಒಂದು ಸುತ್ತು ತಿರುಗಿಸಿ, ಪಕ್ಕದ ಡಬ್ಬಕ್ಕೆ ಉಗಿದು, ಮುಂದಿನ ಬಟ್ಟಲಿಗೆ ಹೋಗಬೇಕು. ನುಂಗುತ್ತ ಕೂತರೆ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉರಿದು, ಕೈ ನಡುಗಿ, ಹತ್ತಿರ ಬಂದವರ ಮೇಲೆಲ್ಲ ಹರಿಹಾಯುವಂತಾಗುತ್ತದೆ. ಮನೆಯಲ್ಲಿ ಅತ್ತೆ ಇದ್ದಷ್ಟು ಕಾಲ ಈ ಕೆಲಸ ಏನೆಂದು ಅವರಿಗೆ ವಿವರಿಸಲಾಗಲೇ ಇಲ್ಲ. "ನಮ್ ಸೊಸೆ ಕಾರ್ಖಾನೇಲಿ ಟೀ ಕಾಯಿಸ್ತಾಳೆ" ಎಂದೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು, ನಾನೂ ತಿದ್ದಲು ಹೋಗಲಿಲ್ಲ.

ನನ್ನ ಜಾಗಕ್ಕೆ ಈಗ ಓದಿಕೊಂಡ ಹುಡುಗಿಯರು ಬಂದಿದ್ದಾರೆ. ಚುರುಕಾಗಿದ್ದಾರೆ, ಪ್ರಶ್ನೆ ಕೇಳುತ್ತಾರೆ, ನನಗೆ ಇಷ್ಟ. ಅವರು ಕೇಳಿದರೆಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಸೇರಿದೆ, ಯಾವಾಗ ಏನಾದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಯಾರಿಗೂ ಒಳ್ಳೆಯ ಟೀ ಮಾಡಲು ಬರುವುದಿಲ್ಲ.

ನಾನು ಸೇರಿದ್ದು ಪೊಟ್ಟಣ ಕಟ್ಟುವ ಕಡೆ. ರುಚಿ ನೋಡುವ ಕೋಣೆಯಲ್ಲಿ ಗೋವಿಂದಯ್ಯನವರು ಇದ್ದರು. ಕೂನೂರಿನ ಕಡೆ ಟೀ ಹರಾಜಿನವರ ಬಳಿ ವಯಸ್ಸೆಲ್ಲ ಕಳೆದು, ಕೊನೆಗೆ ಊರು ಸೇರಿಕೊಂಡಿದ್ದವರು. ಮೂಗು ಮಹಾ ಚುರುಕು, ಸಿಟ್ಟು ಅದಕ್ಕಿಂತ ಚುರುಕು. ಒಂದು ದಿನ ಅಸ್ಸಾಮಿನಿಂದ ಹೊಸ ಮಾದರಿ ಬಂದಿತ್ತು. ಅದನ್ನು ನೆನೆಸಿಟ್ಟುಕೊಂಡು, ಆ ದಾರಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದು "ಏನ್ ವಾಸ್ನೆ ಬತ್ತದೆ ಹೇಳಿ" ಎಂದು ಕೇಳುತ್ತಿದ್ದರು. ಕಾರ್ಖಾನೆಯ ಮಾಲೀಕರಾದ ಸಾಹುಕಾರರು "ಘಮ ಅಂತಿದೆ" ಎಂದರು. ಲೆಕ್ಕದವರು "ಟೀ ವಾಸನೆ" ಎಂದರು. ಗೋವಿಂದಯ್ಯನವರು ಹಣೆ ಚಚ್ಚಿಕೊಂಡರು. ನನ್ನ ಸರದಿ ಬಂದಾಗ ಬಟ್ಟಲಿನ ಮೇಲೆ ಬಗ್ಗಿದೆ. ನಮ್ಮವ್ವ ಮೊಳಕೆ ಕಟ್ಟಿದ ರಾಗಿಯನ್ನು ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿಯುವಾಗ ಮನೆ ತುಂಬ ಹರಡುತ್ತಿದ್ದ ವಾಸನೆ ಅದು.

"ಮೊಳ್ಕೆ ರಾಗಿ ಹುರ್ದಂಗೆ ಅದೆ ಮೇಷ್ಟ್ರೇ" ಎಂದೆ.

ಅವರು ನನ್ನನ್ನು ನೋಡಿ, "ನಾಳೆಯಿಂದ ತಲೆಗೆ ಎಣ್ಣೆ ಹಾಕ್ಬೇಡ, ಹೂವ ಮುಡೀಬೇಡ. ಇಲ್ಲಿಗೆ ಬಾ" ಎಂದರು. ಕೆಲಸ ಸಿಕ್ಕಿತೋ ಶಿಕ್ಷೆ ಸಿಕ್ಕಿತೋ ಆವತ್ತು ಅರ್ಥವಾಗಲಿಲ್ಲ.

ಇಂಗ್ಲಿಷಿನಲ್ಲಿ ಮಾಲ್ಟಿ ಎನ್ನುವುದು ಇದನ್ನೇ. ನಮ್ಮ ಕಡೆಯ ಮಕ್ಕಳಿಗೆ ಈ ರುಚಿಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ, ತೊಟ್ಟಿಲಲ್ಲೇ ರಾಗಿ ಸರಿ ಕುಡಿದು ಬೆಳೆದವರು. ಒಳ್ಳೆಯ ಅಸ್ಸಾಂ ಟೀಯನ್ನು ಹಾಲಿಲ್ಲದೆ ಬಾಯಿಗೆ ಹಾಕಿಕೊಂಡರೆ ಮೊದಲು ಆ ಹುರಿದ ಕಾಳಿನ ಕಂಪು, ಆಮೇಲೆ ಬೆಲ್ಲದ ನೆನಪು ತರುವಷ್ಟು ಸಣ್ಣ ಸಿಹಿ, ಕೊನೆಗೆ ನಾಲಿಗೆಯ ಬುಡದಲ್ಲಿ ಸ್ವಲ್ಪ ಒಗರು. ಇವುಗಳ ನಡುವೆ ಎಲ್ಲೂ ಗೀರು ಬೀಳಬಾರದು, ನಯವಾಗಿ ಇಳಿಯಬೇಕು. ನೀರನ್ನು ಒಂದೇ ಸಲ ಕುದಿಸಿ, ಕುದಿ ಬಂದ ಕೂಡಲೇ ಸುರಿದು, ಮುಚ್ಚಿಟ್ಟು, ಸುಮ್ಮನೆ ಕೂರಬೇಕು. ಚಮಚದಿಂದ ಕೆದಕಬಾರದು, ಚರಟವನ್ನು ಹಿಂಡಬಾರದು. ಹಿಂಡಿದರೆ ಬರುವುದು ಬರೀ ಕಹಿ. ಈ ಸುಮ್ಮನೆ ಕೂರುವ ಭಾಗವನ್ನು ಕಲಿಯುವುದಕ್ಕೇ ನನಗೆ ಬಹಳ ಕಾಲ ಹಿಡಿಯಿತು.

ಗೋವಿಂದಯ್ಯನವರ ಕಟ್ಟಳೆಗಳು ಒಂದೆರಡಲ್ಲ. ಬೆಳಗ್ಗೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವಂತಿಲ್ಲ. ಎಲೆಯಡಿಕೆ ಹಾಕಿದವರು ಬಾಗಿಲಿನಿಂದಾಚೆಗೇ ನಿಂತು ಮಾತಾಡಬೇಕು. ಶುಕ್ರವಾರ ಸಾಹುಕಾರರು ಪಕ್ಕದ ಕೋಣೆಯಲ್ಲಿ ಪೂಜೆ ಮಾಡಿ ಊದುಬತ್ತಿ ಹಚ್ಚಿದರೆ ಇವರು ಬಟ್ಟಲುಗಳನ್ನೆಲ್ಲ ಮುಚ್ಚಿಟ್ಟು ಎದ್ದು ಹೋಗುತ್ತಿದ್ದರು. ಕೊನೆಗೊಮ್ಮೆ ಹೇಳಿಯೇಬಿಟ್ಟರು, "ಸಾವ್ಕಾರ್ರೇ, ಒಂದೋ ದೇವ್ರು ಇಲ್ಲಿರ್ಲಿ, ಇಲ್ಲಾ ನಾನಿರ್ತೀನಿ." ಸಾಹುಕಾರರು ಒಂದು ವಾರ ಮುಖ ಊದಿಸಿಕೊಂಡಿದ್ದು, ಕೊನೆಗೆ ದೇವರ ಪಟವನ್ನು ಮಹಡಿಗೆ ಸಾಗಿಸಿದರು. ನನಗೋ ಮಲ್ಲಿಗೆ ಮುಡಿಯದೆ ಗೌರಿ ಹಬ್ಬಕ್ಕೆ ಹೋದರೆ ಎಲ್ಲರ ಪ್ರಶ್ನೆಗೂ ಉತ್ತರ ಕೊಡುವ ಗೋಳು.

ಅವರು ಕಲಿಸಿದ್ದರಲ್ಲಿ ದೊಡ್ಡದು ನೀರಿನ ಪಾಠ. ಟೀ ಎಂದರೆ ಮುಕ್ಕಾಲುಪಾಲು ನೀರೇ. ಕೆ.ಆರ್. ನಗರದಲ್ಲಿ ಹೊಳೆ ನೀರು, ಟೀ ಕೆಂಪಗೆ ಹೊಳೆಯುತ್ತದೆ. ಪಿರಿಯಾಪಟ್ಟಣದ ಕೆಲವು ಕಡೆ ಬೋರ್‌ವೆಲ್ಲಿನ ಗಡಸು ನೀರು, ಅದೇ ಪುಡಿ ಅಲ್ಲಿ ಮಂಕಾಗಿ, ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಅದಕ್ಕೆ ಒಂದೊಂದು ಊರಿಗೆ ಒಂದೊಂದು ಮಿಶ್ರಣ. ನಮ್ಮ ವ್ಯಾನಿನ ಡ್ರೈವರ್ ಮಹದೇವ ಪುಡಿ ಇಳಿಸಿ ಬರುವಾಗ ಆಯಾ ಊರಿನ ನೀರನ್ನು ಕ್ಯಾನಿನಲ್ಲಿ ತುಂಬಿಕೊಂಡು ತರಬೇಕಾಗಿತ್ತು. ಒಂದು ಸಲ ಏನು ಮಾಡಿದರೂ ಕೆ.ಆರ್. ನಗರದ ಹೋಟೆಲಿನವರು ತೃಪ್ತರಾಗುತ್ತಿಲ್ಲ. ಕಹಿ ಎನ್ನುತ್ತಾರೆ, ಇಲ್ಲಿ ನೋಡಿದರೆ ಸರಿಯಾಗಿದೆ. ಕಡೆಗೆ ವಿಚಾರಿಸಿದರೆ ಮಹದೇವ ಎಲ್ಲ ಕ್ಯಾನುಗಳನ್ನೂ ನಮ್ಮ ಕಾರ್ಖಾನೆ ಹಿಂದಿನ ನಲ್ಲಿಯಲ್ಲೇ ತುಂಬಿ, ಊರಿನ ಹೆಸರು ಬರೆದಿಡುತ್ತಿದ್ದ.

"ನೀರೆಲ್ಲಾ ನೀರೇ ಅಲ್ವಾ ರತ್ನಕ್ಕ, ಅಲ್ಲಿಂದ ಹೊತ್ಕೊಂಡ್ ಬಂದ್ರೆ ಡೀಸೆಲ್ ದಂಡ" ಎಂದ. ಗೋವಿಂದಯ್ಯನವರು ಅವತ್ತು ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಮಹದೇವ ಒಳ್ಳೆಯವನೇ. ಗೋವಿಂದಯ್ಯನವರು ವಯಸ್ಸಾಗಿ ಬಿಟ್ಟ ಮೇಲೆ ಎಲ್ಲವೂ ನನ್ನ ತಲೆಯ ಮೇಲೆ ಬಿದ್ದಾಗ, ಅಂತರಸಂತೆಯ ಸಿದ್ದಕ್ಕನ ಸುದ್ದಿ ತಂದವನು ಅವನೇ.

ಸಿದ್ದಕ್ಕನ ಟೀ ಅಂಗಡಿ ಅಂತರಸಂತೆಯ ರಸ್ತೆ ಬದಿಯಲ್ಲಿ. ತಗಡಿನ ಮಾಡು, ಒಂದು ಉದ್ದ ಬೆಂಚು, ಸೌದೆ ಒಲೆ. ಬೆಳಕು ಹರಿಯುವ ಮುಂಚೆ ಅಲ್ಲಿಂದ ಕೊಡಗಿನ ತೋಟಗಳಿಗೆ ಕೂಲಿಯವರನ್ನು ಕರೆದೊಯ್ಯುವ ಜೀಪುಗಳು ಹೊರಡುತ್ತವೆ. ಕಾಡಂಚಿನ ಹಾಡಿಗಳ ಗಂಡಸರು ಹೆಂಗಸರು, ಸುತ್ತಲ ಹಳ್ಳಿಯವರು ಎಲ್ಲ ಜೀಪು ಹತ್ತುವ ಮುಂಚೆ ಒಂದು ಲೋಟ ಟೀ ಕುಡಿಯುತ್ತಾರೆ. ಆ ಹೊತ್ತಿಗೆ ಹಾಲು ಬಂದಿರುವುದಿಲ್ಲ. ಹಾಗಾಗಿ ಬೆಲ್ಲ ಹಾಕಿದ ಹಾಲಿಲ್ಲದ ಟೀಯೇ. ಅವರು ಅದನ್ನು ಬರೀ ಟೀ ಎನ್ನುತ್ತಾರೆ, ಕೇರಳದ ಗಡಿಯ ಬಾವಲಿ ಕಡೆ ಹೋಗುವ ಲಾರಿಯವರು ಕಟ್ಟನ್ ಎನ್ನುತ್ತಾರೆ. ಸಿದ್ದಕ್ಕ ಗಂಡ ತೀರಿಕೊಂಡ ಮೇಲೆ ಆ ಅಂಗಡಿಯಿಂದಲೇ ಮಗಳನ್ನು ಓದಿಸುತ್ತಿದ್ದಳು. ಹಾಲಿಲ್ಲದೆ ಕುಡಿಯುವವರಿಗೆಂದೇ ನಾನು ಮೊಳಕೆ ರಾಗಿ ವಾಸನೆಯ ಆ ಅಸ್ಸಾಂ ಪುಡಿಯನ್ನು ಹೆಚ್ಚಾಗಿ ಹಾಕಿ ಅವಳಿಗೊಂದು ಮಿಶ್ರಣ ಮಾಡಿಕೊಡುತ್ತಿದ್ದೆ. ಕಾರ್ಖಾನೆಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿರಲಿಲ್ಲ. ಮಾಡುವುದರಲ್ಲಿ ನನಗೆ ಖುಷಿಯಿತ್ತು, ಅಷ್ಟೆ.

ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಮಹದೇವ ಬಂದು, "ರತ್ನಕ್ಕ, ಸಿದ್ದಕ್ಕನ ಟೀನಾಗೆ ಹೊಗೆಸೊಪ್ಪಿನ ವಾಸ್ನೆ ಬತ್ತದಂತೆ. ಜೀಪ್‌ನೋರೆಲ್ಲಾ ಎದುರುಗಡೆ ಅಂಗಡಿಗೆ ಹೊಂಟೋಯ್ತಾವ್ರೆ" ಎಂದ.

ನಾನು ಅದೇ ಚೀಲದಿಂದ ಪುಡಿ ತೆಗೆದು ನೆನೆಸಿ, ಹೀರಿ, ಉಗಿದು ನೋಡಿದೆ. ಏನೂ ಇಲ್ಲ. ಸಾಹುಕಾರರು ನೋಡಿದರು, ಏನೂ ಇಲ್ಲ. ಪಿರಿಯಾಪಟ್ಟಣದ ಹೋಟೆಲಿನವರಂತೂ ಫೋನ್ ಮಾಡಿ, "ಈ ಸಲ ಪುಡಿ ಭಾರೀ ಖಡಕ್ಕಾಗಿದೆ ಕಣ್ರೀ, ಇದನ್ನೇ ಕಳಿಸಿ" ಎಂದಿದ್ದರು. ಹೊಸದಾಗಿ ತರಿಸಿದ್ದ ಬಣ್ಣ ಅಳೆಯುವ ಯಂತ್ರವೂ ಚೆನ್ನಾಗಿದೆ ಎಂದೇ ತೋರಿಸಿತು. ಸಿದ್ದಕ್ಕ ಪಾತ್ರೆ ಸರಿಯಾಗಿ ತೊಳೆದಿಲ್ಲ ಎಂದು ಎಲ್ಲರೂ ತೀರ್ಮಾನ ಮಾಡಿದೆವು. ಮಹದೇವ ಅದನ್ನು ಹೋಗಿ ಅವಳಿಗೆ ಹೇಳಿಬಿಟ್ಟ. ಅವಳು ಕಳಿಸಿದ ಉತ್ತರ, "ಆವಮ್ಮನ್ನೇ ಕರ್ಕೊಂಡ್ ಬಾ."

ಹೋದೆ. ಮಹದೇವ ಮೊದಲು ಹಂಪಾಪುರಕ್ಕೆ, ಬೀಚನಹಳ್ಳಿಗೆ ಪುಡಿ ಹಾಕಬೇಕಾಗಿತ್ತು. ತಡವಾದ್ದರಿಂದ ಬೀಚನಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲೇ ಉಳಿದೆ. ರಾತ್ರಿಯೆಲ್ಲ ಡ್ಯಾಮಿನ ಕಡೆಯ ತಣ್ಣನೆ ಗಾಳಿ ಬೀಸಿತು. ಬೆಳಗಿನ ಜಾವ ಅಂತರಸಂತೆ ತಲುಪಿದಾಗ ಜೀಪುಗಳು ನಿಂತಿದ್ದವು. ಎದುರಿನ ಅಂಗಡಿಯಲ್ಲಿ ಜನ ಮುತ್ತಿದ್ದರು. ಸಿದ್ದಕ್ಕನ ಬೆಂಚಿನ ಮೇಲೆ ಒಬ್ಬ ಮುದುಕನನ್ನು ಬಿಟ್ಟರೆ ಯಾರೂ ಇಲ್ಲ, ಅವನೂ ಸುಮ್ಮನೆ ಬೀಡಿ ಸೇದುತ್ತ ಕೂತಿದ್ದ.

"ನೋಡವ್ವಾ ನಿನ್ ಪುಡಿ ಮಾಡಿರೋ ಕೆಲ್ಸವ" ಎಂದಳು ಸಿದ್ದಕ್ಕ. ಬೈಗುಳವಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. "ಇನ್ನೊಂದ್ ತಿಂಗ್ಳು ಹಿಂಗೇ ಆದ್ರೆ ಅಂಗಡಿ ಮುಚ್ಬುಟ್ಟು ನಾನೂ ಅದೇ ಜೀಪ್ ಹತ್ತದು. ಮಗ್ಳ ಪರೀಕ್ಸೆ ಮುಂದ್ಲ ವರ್ಸ ಅದೆ."

ಪಾತ್ರೆಯನ್ನು ನಾನೇ ಉಜ್ಜಿ ತೊಳೆದೆ. ನೀರು ಹಿಡಿದು, ಕುದಿಸಿ, ಪುಡಿ ಹಾಕಿ, ಮುಚ್ಚಿ ಕೂತೆ. ಬಗ್ಗಿಸಿ, ಹೀರಿ, ರಸ್ತೆ ಬದಿಗೆ ಉಗಿದೆ. "ಏನೂ ಇಲ್ವಲ್ಲ ಸಿದ್ದಕ್ಕ" ಎಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು. "ಅಲ್ಲ ಕಣವ್ವ, ನಮ್ಗೆ ಕುಡೀರಿ ಅಂತ ಕೊಡ್ತೀಯ, ನೀನು ಉಗೀತೀಯಲ್ಲಾ?"

"ನಮ್ ಕೆಲಸವೇ ಅದು."

"ನಿನ್ ಕೆಲ್ಸ ನಿನ್ ಕಾರ್ಖಾನೇಲಿ ಮಡೀಕೊ. ಇಲ್ಲಿ ಕುಡಿ. ಲೋಟ ಪೂರ್ತಿ."

ಬೆಂಚಿನ ಮೇಲಿದ್ದ ಮುದುಕ ನಕ್ಕ. ನನಗೆ ಮುಖವೆಲ್ಲ ಬಿಸಿಯಾಯಿತು. ಲೋಟ ತೆಗೆದುಕೊಂಡು ಕೂತೆ. ಮೊದಲ ಗುಟುಕಿನಲ್ಲಿ ನನ್ನ ಮೊಳಕೆ ರಾಗಿ ಬಂತು, ಸಮಾಧಾನವಾಯಿತು. ಎರಡನೆಯದೂ ಹಾಗೇ ಇಳಿಯಿತು. ಅರ್ಧ ಲೋಟ ಮುಗಿದು, ಉಸಿರು ಬಿಟ್ಟಾಗ ಗಂಟಲಿನಿಂದ ಮೂಗಿಗೆ ಹಿಂದಿನಿಂದ ಏನೋ ಏರಿ ಬಂತು. ಬಿಸಿ ಬಿಸಿ, ಸಿಹಿ ಸಿಹಿ, ಸ್ವಲ್ಪ ತಲೆ ತಿರುಗಿಸುವ ವಾಸನೆ. ಇನ್ನೊಂದು ಗುಟುಕು ನುಂಗಿದೆ, ಇನ್ನೂ ಸ್ಪಷ್ಟವಾಯಿತು. ಹೊಗೆಸೊಪ್ಪು. ಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮೂರಿನ ಗಾಳಿಯ ವಾಸನೆ.

"ಅದೆ ಸಿದ್ದಕ್ಕ, ಅದೆ!" ಎಂದು ಕೂಗಿಯೇಬಿಟ್ಟೆ. ಅಷ್ಟು ಸಂತೋಷದಿಂದ ತನ್ನ ಪುಡಿ ಕೆಟ್ಟಿದೆ ಎಂದು ಒಪ್ಪಿಕೊಂಡವರನ್ನು ಅವಳು ನೋಡಿರಲಿಕ್ಕಿಲ್ಲ.

ಮಹದೇವನ ವ್ಯಾನಿನಲ್ಲಿ ವಾಪಸು ಬರುವಾಗ ಎಲ್ಲ ಒಂದೊಂದಾಗಿ ಹೊಂದಿಕೊಂಡಿತು. ಮಳೆಗಾಲದ ಶುರುವಿನಲ್ಲಿ ನಮ್ಮ ಗೋದಾಮು ಸೋರಿತ್ತು. ಸಾಹುಕಾರರು ಒಂದಷ್ಟು ಚೀಲಗಳನ್ನು ತಮ್ಮ ಭಾವನ ಹೊಲದ ಬ್ಯಾರನ್ನಿನಲ್ಲಿ ಇಡಿಸಿದ್ದರು. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ, ನಮ್ಮ ತಾಲ್ಲೂಕುಗಳ ಹೊಲಹೊಲದಲ್ಲೂ ನಿಂತಿರುತ್ತದೆ. ಸೊಪ್ಪಿನ ಕಾಲವಲ್ಲದಾಗ ನಾವು ಅದರಲ್ಲಿ ಏನು ಇಡುವುದಿಲ್ಲ? ರಾಗಿ ಮೂಟೆ, ಸೈಕಲ್ಲು, ಮದುವೆಯ ಪಾತ್ರೆ, ಮಳೆಯಲ್ಲಿ ಬಟ್ಟೆ ಒಣಗಿಸುವುದೂ ಅಲ್ಲೇ. ಸುಣ್ಣ ಬಳಿದು, ನೆಲ ಗುಡಿಸಿ, ಬೆಚ್ಚಗಿದೆ ಒಣಗಿದೆ ಎಂದು ಟೀ ಚೀಲ ಇಟ್ಟಾಗ ನಮ್ಮಲ್ಲಿ ಒಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಟೀಪುಡಿಯಷ್ಟು ಬೇಗ ಪಕ್ಕದ ವಾಸನೆ ಎಳೆದುಕೊಳ್ಳುವ ಪದಾರ್ಥ ಇನ್ನೊಂದಿಲ್ಲ. ಆಮೇಲೆ ಊರಿನಲ್ಲಿ ಸೊಪ್ಪು ಬೇಯಿಸುವುದು ಶುರುವಾಯಿತು, ಊರಿಗೆ ಊರೇ ಆ ವಾಸನೆಯಲ್ಲಿ ಉಸಿರಾಡುತ್ತಿತ್ತು. ನಮ್ಮ ಮೂಗಿಗೆ ಅದು ಬೇರೆಯಾಗಿ ತಿಳಿಯುವುದಾದರೂ ಹೇಗೆ? ಉಳಿದ ಹೋಟೆಲಿನವರದೆಲ್ಲ ಹಾಲು, ಶುಂಠಿ, ಏಲಕ್ಕಿ ಹಾಕಿ ಕಾಯಿಸಿದ ಟೀ. ಸೊಪ್ಪಿನ ಗಾಳಿ ಮುಟ್ಟದ ಊರಲ್ಲಿ ಬರೀ ಟೀ ಮಾರುತ್ತಿದ್ದವಳು ಸಿದ್ದಕ್ಕ ಒಬ್ಬಳೇ.

ಸಾಹುಕಾರರು ನಂಬಲಿಲ್ಲ. ಕಾರ್ಖಾನೆಯಲ್ಲೇ ಒಂದು ಲೋಟ ಪೂರ್ತಿ ಕುಡಿಸಿದೆ. "ಚೆನ್ನಾಗೇ ಇದೆಯಲ್ಲ ರತ್ನಮ್ಮ. ಒಬ್ಬಳ ಅಂಗಡಿಗೋಸ್ಕರ ಅಷ್ಟೂ ಚೀಲ ಆಚೆಗೆ ಎಸೀಬೇಕಾ?" ಎಂದರು.

ಅವರ ಮೇಲೆ ನನಗೆ ಗೌರವ ಬಹಳ, ಎದುರು ಮಾತಾಡಿದವಳಲ್ಲ. ಅವತ್ತು ಮಾತಾಡಿದೆ. "ನೀವು ನನ್ ಜೊತೆ ಬೀಚನಹಳ್ಳಿಗೆ ಬನ್ನಿ. ಒಂದ್ ರಾತ್ರಿ ಅಲ್ಲಿ ಗಾಳಿ ಕುಡ್ದು, ಬೆಳಗ್ಗೆ ಸಿದ್ದಕ್ಕನ ಬೆಂಚ್ ಮೇಲೆ ಕೂತು ಹೇಳಿ. ಆಗ್ಲೂ ಚೆನ್ನಾಗಿದ್ರೆ ನಾಳೆಯಿಂದ ನಾನು ಪೊಟ್ಟಣ ಕಟ್ತೀನಿ."

ಬಂದರು. ಚಿಕ್ಕಮ್ಮ ಸಾಹುಕಾರರು ಬಂದರೆಂದು ಬೆಳ್ಳುಳ್ಳಿ ಒಗ್ಗರಣೆಯ ಸಾರು ಮಾಡಹೊರಟಾಗ ನಾನು ತಡೆದೆ, ಇಬ್ಬರೂ ಮೊಸರನ್ನ ಉಂಡು ಮಲಗಿದೆವು. ಬೆಳಗ್ಗೆ ಸಿದ್ದಕ್ಕನ ಬೆಂಚಿನ ಮೇಲೆ ಕೂತರು. ಸಿದ್ದಕ್ಕ ಲೋಟ ಕೊಟ್ಟಳು. ಅರ್ಧ ಕುಡಿದರು. ಲೋಟವನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ನಮ್ ಭಾವನ ಬ್ಯಾರನ್ನು" ಎಂದರು.

ಆ ಚೀಲಗಳೆಲ್ಲ ಸಾಹುಕಾರರ ತೆಂಗಿನ ಮರಗಳ ಬುಡಕ್ಕೆ ಗೊಬ್ಬರವಾದವು. ಹಾಲು ಹಾಕಿ ಕುಡಿಯುವವರಿಗೆ ಮಾರಿಬಿಡಬಹುದಲ್ಲ ಎಂದು ಲೆಕ್ಕದವರು ಪಿಸುಗುಟ್ಟಿದ್ದಕ್ಕೆ ಸಾಹುಕಾರರು, "ನಾನು ಕುಡ್ದಿದ್ದೀನಿ ಕಣಯ್ಯ" ಎಂದಷ್ಟೇ ಹೇಳಿದರು. ಪಿರಿಯಾಪಟ್ಟಣದವರು ಮಾತ್ರ ಬಹಳ ದಿನ "ಆ ಖಡಕ್ ಪುಡಿ ಯಾಕೆ ನಿಲ್ಲಿಸಿದ್ರಿ?" ಎಂದು ಕೇಳುತ್ತಲೇ ಇದ್ದರು.

ನಮ್ಮ ಪದ್ಧತಿಯೂ ಬದಲಾಯಿತು. ದಿನದ ಕೆಲಸಕ್ಕೆ ಉಗುಳು ಡಬ್ಬ ಇದ್ದೇ ಇತ್ತು, ಈಗಲೂ ಇದೆ. ಆದರೆ ಯಾವುದೇ ಮಿಶ್ರಣ ಹೊರಗೆ ಹೋಗುವ ಮುಂಚೆ ಯಾರಾದರೊಬ್ಬರು ಊರಿನ ಗಾಳಿಯಿಂದಾಚೆ ಕೂತು ಹಾಲಿಲ್ಲದೆ ಒಂದು ಲೋಟ ಪೂರ್ತಿ ಕುಡಿಯಬೇಕು. ಹೊಸ ಹುಡುಗಿಯರೇ, ಫೋನಿನಲ್ಲಿ ಹರಾಜು ಮಾಡಿ, ಯಂತ್ರದಲ್ಲಿ ಬಣ್ಣ ನೋಡಿ, ಬೇಡ ಎನ್ನುವುದಿಲ್ಲ. ಈ ಒಂದು ಲೋಟವನ್ನು ಮಾತ್ರ ಬಿಡಬೇಡಿ. ಬೀಚನಹಳ್ಳಿಯ ಚಿಕ್ಕಮ್ಮನ ಮನೆ ಈಗಲೂ ಇದೆ, ನನ್ನ ಹೆಸರು ಹೇಳಿದರೆ ಒಲೆ ಬಿಟ್ಟುಕೊಡುತ್ತಾರೆ.

ಹೊಸ ಅಸ್ಸಾಂ ಚೀಲಗಳು ಬಂದ ಮೇಲೆ ಮಿಶ್ರಣ ಮಾಡಿಕೊಂಡು ನಾನೇ ಅಂತರಸಂತೆಗೆ ಹೋದೆ. ಜೀಪುಗಳು ನಿಂತಿದ್ದವು, ಎದುರಿನ ಅಂಗಡಿಯಲ್ಲೇ ಜನ. ಸಿದ್ದಕ್ಕ ತಾನೇ ನೀರಿಟ್ಟಳು. ಪುಡಿ ಹಾಕಿ ಮುಚ್ಚಿದಳು. ನಾವಿಬ್ಬರೂ ಸುಮ್ಮನೆ ಕೂತೆವು. ಮುಚ್ಚಳ ತೆಗೆದಾಗ ಹುರಿದ ರಾಗಿಯ ಕಂಪು ಹಬೆಯಲ್ಲಿ ಬಂತು, ನನಗೆ ಕಣ್ಣು ತುಂಬಿತು. ಆದರೂ ಹೇಳಬೇಕಾದವಳು ಅವಳು.

ಅವಳು ಲೋಟಕ್ಕೆ ಸುರಿದುಕೊಂಡು, ನನ್ನ ಹಾಗೇ ಸೊರ್ರೆಂದು ಹೀರಿ, ಬಾಯಲ್ಲಿ ತಿರುಗಿಸಿ, ಮುಖ ಗಂಟಿಕ್ಕಿ, ರಸ್ತೆ ಬದಿಗೆ ಪಿಚಕ್ಕನೆ ಉಗಿದಳು.

ನಾನು ಅವಳ ಕೈಯಲ್ಲಿದ್ದ ಲೋಟದೊಳಗೆ ಬಗ್ಗಿ ನೋಡಿದೆ. "ಏನಾಯ್ತು ಸಿದ್ದಕ್ಕ? ಇನ್ನೂ ಅದೆಯಾ?"

"ಏನೂ ಇಲ್ಲ ಬುಡವ್ವ, ನಿನ್ನಂಗೆ ಮಾಡಿ ನೋಡ್ದೆ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕಳು. ಆಮೇಲೆ ಗಂಭೀರವಾಗಿ ಉಳಿದದ್ದನ್ನು ಒಂದೊಂದೇ ಗುಟುಕು ನುಂಗಿದಳು, ತಳ ಕಾಣುವವರೆಗೆ. ಬೀಡಿಯ ಮುದುಕನಿಗೆ ಒಂದು ಲೋಟ ಕೊಟ್ಟಳು. ಅವನು ಕುಡಿದು, ಲೋಟವನ್ನು ಮತ್ತೆ ಮುಂದೆ ಚಾಚಿ, ಎದುರಿನ ಅಂಗಡಿ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ:

"ಲೇ, ಬನ್ರಲೋ! ಸಿದ್ದಕ್ಕನ ಟೀ ಸರಿಹೋಯ್ತು!"

ಮೊದಲು ಒಬ್ಬ ಹೆಂಗಸು ರಸ್ತೆ ದಾಟಿದಳು. ಆಮೇಲೆ ಇಬ್ಬರು. ಆಮೇಲೆ ಬೆಂಚಿನಲ್ಲಿ ನನಗೇ ಜಾಗವಿಲ್ಲದೆ ಎದ್ದು ನಿಲ್ಲಬೇಕಾಯಿತು. ಜೀಪುಗಳು ಹಾರನ್ ಹೊಡೆದವು, ಜನ ಹತ್ತಿದರು, ಹೊರಟರು. ಸಿದ್ದಕ್ಕ ಖಾಲಿ ಲೋಟಗಳನ್ನು ಜೋಡಿಸಿಕೊಂಡು ತೊಳೆಯಲು ಕೂತಳು. ಅವಳು ಹತ್ತುತ್ತೇನೆ ಎಂದಿದ್ದ ಜೀಪು ಅವಳನ್ನು ಬಿಟ್ಟೇ ಹೋಯಿತು.